ಮೇಲಿನಿಂದ ಹೊಯ್ದ ನೀರು

ಇದನ್ನು ಹೇಳಬೇಕೆಂದು ಮೂರು ಬೇಸಿಗೆಗಳಿಂದ ಅಂದುಕೊಳ್ಳುತ್ತಿದ್ದೇನೆ. ಪ್ರತಿ ಸಲವೂ ಒಂದು ನೆವ ಸಿಗುತ್ತಿತ್ತು. ಮೊಣಕಾಲು ನೋವು, ಕನ್ನಡಕದ ನಂಬರು ಬದಲಾಗಿದೆ, ಒಳ್ಳೆಯ ಪೆನ್ನಿಲ್ಲ. ನಿಜವೆಂದರೆ ನಾಚಿಕೆ.

ನನಗೆ ಮಕ್ಕಳಿಲ್ಲ. ಹೆಂಡತಿ ಹೋದ ಮೇಲೆ ಮಸ್ಕಿಯ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಉಳಿದೆ. ಒಂದು ದಿನ ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಕೇಳಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಎರಡು ದಿನದಿಂದ ಯಾರೊಡನೆಯೂ ಮಾತಾಡಿರಲಿಲ್ಲವೆಂದು ಆಗ ಹೊಳೆಯಿತು. ಮರುವಾರವೇ ಬಸ್‌ ನಿಲ್ದಾಣದ ಬಳಿ ನಮ್ಮ ಓಣಿಯ ಹಿರಿಯರು ಬೇಸಿಗೆಗೆ ಇಡುತ್ತಿದ್ದ ಅರವಟ್ಟಿಗೆಗೆ ಹೋಗಿ, ನೀರು ಕೊಡುವ ಕೆಲಸ ನನಗಿರಲಿ ಎಂದೆ. ಸೇವೆಯ ಆಸೆಯಿಂದ ಅಲ್ಲ. ಮನುಷ್ಯರ ದನಿ ಬೇಕಿತ್ತು.

ಬೆಳಿಗ್ಗೆ ಗಡಿಗೆ ತೊಳೆದು ತುಂಬಿಸಿ, ಸುತ್ತ ಒದ್ದೆ ಗೋಣಿಚೀಲ ಸುತ್ತುತ್ತಿದ್ದೆ. ಗ್ಲಾಸು ಬೇಡವೆಂದು ಬೊಗಸೆ ಒಡ್ಡುವ ಕೂಲಿಯವರಿಗೆ ಉದ್ದ ಹಿಡಿಕೆಯ ಸೌಟಿನಿಂದ ಹೊಯ್ಯುವುದು, ಉಳಿದವರಿಗೆ ಸ್ಟೀಲ್ ಗ್ಲಾಸು. ಮುದಗಲ್‌ಗೆ ಹೋಗುವ ಒಬ್ಬ ಹೆಂಗಸು ದಿನವೂ ಚೇಷ್ಟೆ ಮಾಡುತ್ತಿದ್ದಳು.

"ಮುತ್ಯಾ, ಮನ್ಯಾಗ ಫ್ರಿಜ್ ಐತಿ, ಆದ್ರ ಈ ರುಚಿ ಬರಂಗಿಲ್ಲ ನೋಡು. ಏನ್ ಹಾಕ್ತೀಯೋ ಇದರಾಗ?"

"ನನ್ನ ಪುಣ್ಯೇವ ಹಾಕ್ತೀನವ್ವಾ."

"ಹಂಗಾದ್ರ ಸ್ವಲ್ಪ ಉಳಿಸ್ಕೋ, ಮುಂದ ಬೇಕಾಗ್ತೈತಿ!"

ಆ ದಿನಗಳಲ್ಲಿ ನನಗೆ ಹಸಿವಾಗುತ್ತಿತ್ತು, ನಿದ್ದೆ ಬರುತ್ತಿತ್ತು. ಕೊಟ್ಟದ್ದಕ್ಕಿಂತ ಪಡೆದದ್ದೇ ಹೆಚ್ಚು.

ಆಮೇಲೆ ಒಂದು ಮಧ್ಯಾಹ್ನ ಅವನು ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಚೀಲ. ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನ ಜೊತೆ ಓದಿದವನು. ಬೀಜಗಣಿತ ನನ್ನ ತಲೆಗೆ ಹತ್ತುತ್ತಿರಲಿಲ್ಲ. ಪರೀಕ್ಷೆಗೆ ಮೊದಲು ತಿಂಗಳುಗಟ್ಟಲೆ ಬೇವಿನ ಮರದ ಕೆಳಗೆ ಕೂರಿಸಿ ಹೇಳಿಕೊಟ್ಟವನು ಅವನೇ. ನಾನು ಹತ್ತನೆಯದು ಪಾಸಾದದ್ದು, ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾದದ್ದು, ಅದರಿಂದಲೇ. ಅದೇ ಶಾಲೆಯಲ್ಲಿ ನೀರಿನ ಗಡಿಗೆಯ ಪಾಳಿ ನನ್ನದಿದ್ದ ದಿನ ಎಲ್ಲರಿಗೂ ಗ್ಲಾಸು ಕೊಟ್ಟು, ಅವನಿಗೆ ಮಾತ್ರ ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದೆ. ಅವನ ಕೇರಿಯವರಿಗೆ ಹಾಗೆಯೇ ಹೊಯ್ಯಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ, ಗೊತ್ತಿತ್ತು ಅಷ್ಟೆ. ಮುಂದೆ ಅವನ ಮನೆಯವರೆಲ್ಲ ಬೌದ್ಧರಾದರು. ಅವನು ಹೆಡ್‌ಮಾಸ್ತರನಾದ.

ಗುರುತು ಸಿಕ್ಕ ಕೂಡಲೇ ನನಗೆ ನಿಜಕ್ಕೂ ಸಂತೋಷವಾಯಿತು. "ಬಾರಲೇ, ಬಾ" ಎಂದೆ. ಅವನು ನಗುತ್ತ ಗ್ಲಾಸಿಗೆ ಕೈ ಚಾಚಿದ. ನನ್ನ ಎಡಗೈ ಆ ಗ್ಲಾಸನ್ನು ಹಿಂದಕ್ಕೆ ಎಳೆದುಕೊಂಡಿತು, ಬಲಗೈ ಸೌಟು ಎತ್ತಿತು. ನಾನು ಯೋಚಿಸಿ ಮಾಡಲಿಲ್ಲ. ಹಾಗೆಂದರೆ ತಪ್ಪು ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ.

ಅವನು ನನ್ನ ಕೈಯನ್ನೇ ನೋಡಿದ. "ವಯಸ್ಸು ಎಪ್ಪತ್ತಾತು," ಎಂದ. "ನಿನ್ನ ಕೈ ಇನ್ನಾ ಹೈಸ್ಕೂಲ್‌ನ್ಯಾಗ ಐತಿ ನೋಡಲೇ."

ಚೀಲದಿಂದ ಬಾಟಲಿ ತೆಗೆದು, ನನ್ನ ಎದುರೇ ನಿಂತು ಕುಡಿದು, ಸಿಂಧನೂರು ಬಸ್ಸು ಹತ್ತಿದ.

ಮರುದಿನವೇ ಸೌಟು ತೆಗೆದುಹಾಕಿ, ಗಡಿಗೆಗಳ ಬದಲು ನಲ್ಲಿಯಿದ್ದ ಡ್ರಮ್ಮು ಇಡಿಸಿದೆ. ಯಾರು ಬೇಕಾದರೂ ತಾವೇ ಹಿಡಿದುಕೊಳ್ಳಲಿ ಎಂದು. "ಚಲೋ ವಿಚಾರ ಮಾಡೀರಿ ಮುತ್ಯಾ," ಎಂದು ಓಣಿಯವರು ಹೊಗಳಿದರು. ಬೇಸಿಗೆ ಮುಗಿದಾಗ ಶಾಲು ಹೊದಿಸಿದರು. ಎಲ್ಲವನ್ನೂ ಸುಮ್ಮನೆ ಹೊದ್ದುಕೊಂಡೆ. ಕಾರಣ ಹೇಳಿದರೆ ನನಗೆ ಸಿಕ್ಕಿದ್ದ ಆ ನಾಲ್ಕು ದನಿಗಳೂ ಹೋಗುತ್ತವೆಂಬ ಭಯ. ಆದರೆ ಅಂದಿನಿಂದ ಆ ಜನರ ನಡುವೆ ಕೂತರೂ ಒಬ್ಬನೇ ಇದ್ದಂತೆ.

ಕಳೆದ ವರ್ಷ ಧೈರ್ಯ ಮಾಡಿ ಸಿಂಧನೂರಿನ ಅವನ ಮನೆಗೆ ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವನ ಹೆಂಡತಿ ಚಹ ಕೊಟ್ಟಳು. ಅವನು ಪೇಪರು ಮಡಚಿಟ್ಟ.

"ಯಾಕ ಬಂದಿ?"

"ಸುಮ್ನ."

"ಸುಮ್ನ ಬರೋ ಮನಷ್ಯಾ ಅಲ್ಲ ನೀ. ಹೇಳು."

ನಾನು ಚಹದ ಲೋಟ ಕೆಳಗಿಟ್ಟೆ.

"ಇಲ್ಲಿ ಮೊಣಕಾಲಿಗೆ ಚಲೋ ಡಾಕ್ಟರ್ ಯಾರದಾರ?" ಎಂದು ಕೇಳಿದೆ.

ಅವನು ಹೆಸರು ಬರೆದು ಚೀಟಿ ಕೊಟ್ಟ. ಬಾಗಿಲ ತನಕ ಬಂದು, "ಮೆಟ್ಟಿಲ ನೋಡ್ಕೊಂಡು ಇಳಿ" ಎಂದ. ನಾನು ಇಳಿದೆ.

ಈ ಬೇಸಿಗೆಯೂ ಡ್ರಮ್ಮಿನ ಪಕ್ಕ ಕೂರುತ್ತಿದ್ದೇನೆ. ಬಂದವರು ಕೈಮುಗಿದು ಹೋಗುತ್ತಾರೆ. ಬರೆದದ್ದು ಎದುರು ನಿಂತು ಹೇಳಿದ್ದಕ್ಕೆ ಸಮನಲ್ಲವೆಂದು ನನಗೆ ಗೊತ್ತು. ಆದರೂ ಅವನು ಯಾರೆಂದಾದರೂ ಹೇಳಿಬಿಡುತ್ತೇನೆ. ನಾನು ಕ್ಷಮೆ ಕೇಳದೆ ಉಳಿದಿರುವುದು ಪಾಮನಕಲ್ಲೂರಿನಿಂದ ಲಿಂಗಸುಗೂರಿಗೆ ಓದಲು ಬಂದು, ತನ್ನ ಪಾಠ ಬಿಟ್ಟು ನನಗೆ ಲೆಕ್ಕ ಹೇಳಿಕೊಟ್ಟ, ಸಿಂಧನೂರಿನ ಆ ನಿವೃತ್ತ ಹೆಡ್‌ಮಾಸ್ತರನಲ್ಲಿ, ನನಗಿದ್ದ ಒಬ್ಬನೇ ಗೆಳೆಯನಲ್ಲಿ.