ಹೊತ್ತೇರಿದ ಮೇಲಿನ ಬೆಳಗು

ಬಾಗಿಲಿಗೆ ತೂಗುಹಾಕಿದ ಚೀಲದಲ್ಲಿ ಹಾಲಿನವನು ಇಟ್ಟುಹೋಗುವ ಪಾಕೀಟು, ನಾನು ಕೈಗೆತ್ತಿಕೊಳ್ಳುವ ಹೊತ್ತಿಗೆ ದಿನವೂ ಬಿಸಿಲಿಗೆ ಬೆಚ್ಚಗಾಗಿರುತ್ತದೆ. ಬೀದರಿನ ಈ ಓಣಿಯಲ್ಲಿ ಅಷ್ಟರೊಳಗೆ ಎಲ್ಲ ಅಂಗಳಗಳಿಗೂ ನೀರು ಬಿದ್ದು ಒಣಗಿರುತ್ತದೆ, ಕೋಟೆಯ ಕಡೆ ತಿರುಗಾಡಲು ಹೋದ ಹಿರಿಯರು ಮರಳಿ ಬಂದು ಪೇಪರು ಓದಿ ಮುಗಿಸಿರುತ್ತಾರೆ, ಎದುರುಮನೆಯಾಕೆ ಎರಡನೆಯ ಸಲದ ಚಹಾ ಹಿಡಿದು ನಾನು ಕದ ತೆರೆಯುವುದನ್ನೇ ಕಾಯುತ್ತಿರುತ್ತಾಳೆ. ನೀವೂ ಆಕೆಯಂತೆ ಬೆಳಕು ಹರಿಯುವ ಮೊದಲೇ ಏಳುವವರಾಗಿದ್ದರೆ, ನನ್ನನ್ನು ಸೋಮಾರಿಯೆಂದು ತೀರ್ಮಾನಿಸುವ ಮುನ್ನ ಒಂದಿಷ್ಟು ತಾಳಿ. ನಿದ್ದೆ ನನಗೆ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ತಡ, ಅಷ್ಟೇ. ಊರೆಲ್ಲ ಮಲಗಿದ ಮೇಲೆ ನನ್ನ ಕಣ್ಣು ನಿಚ್ಚಳವಾಗುತ್ತದೆ. ಊರೆಲ್ಲ ಎದ್ದಾಗ ನನ್ನ ನಿದ್ದೆ ಆಗತಾನೇ ಆಳಕ್ಕಿಳಿದಿರುತ್ತದೆ.

ನಾನು ಹುಟ್ಟಿ ಬೆಳೆದದ್ದು ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಲ್ಲಿ. ಒಕ್ಕಲುತನದ ಮನೆ, ನಸುಕಿನಲ್ಲಿ ಏಳುವುದು ಅಲ್ಲಿ ಉಸಿರಾಡುವಷ್ಟೇ ಸಹಜ. ಬಿಸಿಲು ಇನ್ನೂ ಬೇವಿನ ಮರದ ತುದಿಯಲ್ಲಿರುವಾಗಲೇ ಅವ್ವ, “ಏಳ ಸುವರ್ಣಾ, ಹೊತ್ತು ನೆತ್ತಿಗಿ ಬಂತು!” ಎಂದು ಹೊದಿಕೆ ಎಳೆಯುತ್ತಿದ್ದಳು. ಎಲ್ಲಕ್ಕಿಂತ ಕಠಿಣವಾದದ್ದು ಶನಿವಾರದ ಮುಂಜಾನೆ ಶಾಲೆ. ಅಪ್ಪ ನನ್ನನ್ನು ಸೈಕಲ್ಲಿನ ಹಿಂದೆ ಕೂಡಿಸಿ, ನಿದ್ದೆಗಣ್ಣಿನಲ್ಲಿ ಬೀಳದಿರಲೆಂದು ತನ್ನ ಟವೆಲ್ಲಿನಿಂದ ತನ್ನ ಸೊಂಟಕ್ಕೇ ಕಟ್ಟಿಕೊಳ್ಳುತ್ತಿದ್ದ. ಅಪ್ಪನ ಬೆನ್ನಿಗೆ ಕೆನ್ನೆಯಿಟ್ಟು, ಅಂಗಿಯ ಬೆವರು ಮತ್ತು ಹಸಿ ಮೇವಿನ ವಾಸನೆಯಲ್ಲಿ ನಾನು ಶಾಲೆಯವರೆಗೂ ಮಲಗಿಯೇ ಹೋಗುತ್ತಿದ್ದೆ. ಒಮ್ಮೆ ಹೆಡ್‌ಮಾಸ್ತರರು, “ಏನ್ರಿ, ಮಗಳಿಗಿ ಎಬ್ಬಿಸಿ ತಂದೀರೋ, ಹೊತ್ತು ತಂದೀರೋ?” ಎಂದು ಕೇಳಿದರು. ಅಪ್ಪ ಟವೆಲ್ಲಿನ ಗಂಟು ಬಿಚ್ಚುತ್ತಾ, “ಹೊತ್ತು ತರೂದು ನಂದು ಕೆಲಸ್ರಿ, ಎಬ್ಬಿಸೂದು ನಿಮ್ಮದು” ಎಂದ. ನನ್ನ ಬಾಲ್ಯದಲ್ಲಿ ಈ ನಿದ್ದೆಯ ಬಗ್ಗೆ ಯಾರಾದರೂ ನಕ್ಕು ಮಾತಾಡಿದ್ದರೆ ಅದು ಅಪ್ಪನೊಬ್ಬನೇ.

ಭಾಲ್ಕಿಯಲ್ಲಿ ಮಧ್ಯಾಹ್ನದ ಕಾಲೇಜು ಮುಗಿಸಿ, ಔರಾದಿನ ಮನೆಯೊಂದಕ್ಕೆ ಸೊಸೆಯಾಗಿ ಹೋದೆ. ಗಂಡ ಬಸವರಾಜನದು ಬೀಜ-ಗೊಬ್ಬರದ ಅಂಗಡಿ. ಅತ್ತೆ ಕಮಲಾಬಾಯಿ ಮಿತಭಾಷಿ. ಕೋಳಿ ಕೂಗುವ ಮೊದಲೇ ಎದ್ದು, ಮಿಂದು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆಗೆ ಕೂಡುವವರು. ಮದುವೆಯ ಮರುದಿನವೇ ನಾನು ನೆಂಟರ ನಡುವೆ, ಗೋಡೆಯ ಮೇಲೆ ಬಿಸಿಲು ಬಿದ್ದ ಮೇಲೆ ಕಣ್ಣುಬಿಟ್ಟೆ. ಪಡಸಾಲೆಯಲ್ಲಿ ಯಾರೋ ಒಬ್ಬಾಕೆ, “ರಾಣಿಸಾಬರು ಎದ್ದರ ನೋಡ್ರಿ. ಬಂದ ಲಕ್ಷ್ಮಿ ಬಾಗಿಲದಾಗಿಂದೇ ವಾಪಸ್ ಹೋದ್ಳು” ಎಂದಳು. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ, ನನ್ನ ಪರವಾಗಿ ಮಾತೂ ಆಡಲಿಲ್ಲ. ಆ ಮೌನ ನಗೆಗಿಂತ ಹೆಚ್ಚು ಚುಚ್ಚಿತು.

ಅಂದಿನಿಂದ ನಾನು ನಿದ್ದೆಯೊಂದಿಗೆ ಯುದ್ಧಕ್ಕಿಳಿದೆ. ಸಂಜೆಯೇ ಉಂಡು ಮಲಗಿದೆ, ನಿದ್ದೆ ಬರಲಿಲ್ಲ. ಬೆಳಗಿನಲ್ಲಿ ತಣ್ಣೀರು ಮೈಮೇಲೆ ಸುರಿದುಕೊಂಡೆ; ನಿದ್ದೆ ಹೋಗಲಿಲ್ಲ. ಹಗಲೆಲ್ಲ ಮಂಜಿನೊಳಗೆ ನಡೆದಂತೆ ಓಡಾಡುತ್ತಾ, ಹೇಳಿದ ಮಾತು ಮರೆತು, ಉಪ್ಪು ಎರಡೆರಡು ಸಲ ಹಾಕಿ, ‘ಬುದ್ಧಿ ಕಡಿಮೆ’ ಎಂಬ ಹೆಸರನ್ನೂ ಸಂಪಾದಿಸಿದೆ. ತವರಿಗೆ ವಾಪಸು ಕಳಿಸಿಬಿಡುತ್ತಾರೆ ಎಂಬ ಹೆದರಿಕೆ ಮನಸ್ಸಿನಲ್ಲಿ ಸದಾ ಕೂತಿರುತ್ತಿತ್ತು. ಒಂದು ಮುಂಜಾನೆ ಜೋಳದ ರೊಟ್ಟಿ ಬೇಯಿಸುತ್ತಾ ಕೂತಲ್ಲೇ ಜೊಂಪು ಹತ್ತಿ, ಮುಂದಕ್ಕೆ ವಾಲಿ, ಅಂಗೈಯನ್ನು ಕಾದ ಹಂಚಿನ ಮೇಲೆ ಊರಿದೆ.

ನನ್ನ ಚೀರಾಟಕ್ಕೆ ಅತ್ತೆ ಪೂಜೆ ಬಿಟ್ಟು ಓಡಿಬಂದರು. ಕೈಯನ್ನು ನೀರಿನ ಕೊಡದಲ್ಲಿ ಅದ್ದಿ ಹಿಡಿದುಕೊಂಡೇ ಬಹಳ ಹೊತ್ತು ನನ್ನ ಮುಖ ನೋಡಿದರು. ಬಸವರಾಜ ಬಾಗಿಲಲ್ಲಿ ನಿಂತು, “ಏನಾಯ್ತು? ಮತ್ತ ನಿದ್ದಿ ಹತ್ತಿತ್ತೇನು?” ಎಂದಾಗ, ಅತ್ತೆ ಅವನತ್ತ ತಿರುಗದೆಯೇ ಹೇಳಿದರು: “ಇದು ಸೋಗಲ್ಲ. ಸೋಗು ಮಾಡಾವ್ರು ಕೈ ಸುಟಗೊಳ್ಳಂಗಿಲ್ಲ. ನಾಳಿಗಿ ಈಕಿಗಿ ಬೀದರಕ ಕರ್ಕೊಂಡು ಹೋಗ್ತೇನಿ.”

ಬೀದರಿನ ಲೇಡಿ ಡಾಕ್ಟರು ನನ್ನ ಸುಟ್ಟ ಕೈಗೆ ಪಟ್ಟಿ ಕಟ್ಟಿ, ಆಮೇಲೆ ನಿದ್ದೆಯ ಕಥೆಯನ್ನೆಲ್ಲ ಸಮಾಧಾನದಿಂದ ಕೇಳಿದರು. “ತವರಮನ್ಯಾಗ ಯಾರೂ ಎಬ್ಬಿಸದಿದ್ರ ಹ್ಯಾಂಗ ಇರ್ತೀರಿ?” ಎಂದರು.

“ಹೊತ್ತೇರೋತನಕ ಮಲಗಿ ಹಗರಾಗಿ ಏಳ್ತೇನ್ರಿ. ಅವತ್ತು ಪೂರಾ ಛಲೋ ಇರ್ತೇನಿ.”

ಅವರು ಅತ್ತೆಯ ಕಡೆ ತಿರುಗಿದರು. “ಎಲ್ಲರ ಮೈಯಾಗೂ ಒಂದು ಗಡಿಯಾರ ಇರ್ತದ್ರಿ ಅಮ್ಮಾ. ಇವರದು ತಡಾ ನಡೀತದ. ಕೆಲವರಿಗಿ ಹಾಂಗೇ ಇರ್ತದ. ಎದ್ದ ಕೂಡ್ಲೇ ಬಿಸಲಿಗಿ ಕೂಡ್ಲಿ, ಸ್ವಲ್ಪ ಮುಂದ ಬರಬಹುದು. ಪೂರಾ ಬದಲಾಗ್ತದ ಅಂತ ಮಾತ್ರ ನಾ ಹೇಳಂಗಿಲ್ಲ.”

“ಅಂದ್ರ ಇದರಾಗ ಈಕಿ ತಪ್ಪು, ಕಸೂರ ಏನೂ ಇಲ್ರಿ?”

“ಏನೂ ಇಲ್ರಿ. ಇಂಥಾವ್ರು ಭಾಳ ಮಂದಿ ಅದಾರ. ಗೊತ್ತಾಗದೆ ಬೈಸ್ಕೊಂತ ಇರ್ತಾರ.”

ನನಗೆ ಅಳು ಬಂತು. ಜನ್ಮಕ್ಕಂಟಿದ ಕೆಟ್ಟ ಗುಣವೆಂದು ನಾನೇ ನಂಬಿಬಿಟ್ಟಿದ್ದ ಒಂದು ಸಂಗತಿ, ಕಣ್ಣಿನ ಬಣ್ಣದಂತೆ, ಎತ್ತರದಂತೆ, ಮೈಯ ಬರಿಯ ಒಂದು ರೀತಿಯಾಗಿ ಡಾಕ್ಟರ ಮೇಜಿನ ಮೇಲೆ ಕೂತಿತ್ತು. ಆದರೆ ಅತ್ತೆ ನನಗಿಂತ ಹೆಚ್ಚು ಕಲಕಿಹೋಗಿದ್ದರು. ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಬಂದರು. ಬಸ್ ನಿಲ್ದಾಣದಲ್ಲಿ ಔರಾದಿನ ಬಸ್ಸು ಬಂದು ನಿಂತರೂ ಹತ್ತಲಿಲ್ಲ.

“ನನ್ನ ತಂಗಿ ಶಾಂತಾನೂ ಹಿಂಗೇ ಇದ್ಳು,” ಎಂದರು. “ಅಪ್ಪ ಹೊಡದ. ಗಂಡನ ಮನ್ಯಾವ್ರು ಒಂದು ಮಳಿಗಾಲನೂ ಇಟಗೊಳ್ಳಲಿಲ್ಲ, ‘ನಿದ್ದಿಬಡಕಿ’ ಅಂತ ತಂದು ಬಿಟ್ಟು ಹೋದ್ರು. ಆಗಿಂದ ಕಮಠಾಣದಾಗ ಅಣ್ಣನ ಮನ್ಯಾಗೇ ಇದ್ದಾಳ. ನಿನ್ನ ನೋಡಿದಾಗೆಲ್ಲ ಆಕೀದೇ ನೆನಪು ಬರ್ತಿತ್ತು. ಅದಕ್ಕೇ ನಂಗ ಮಾತು ಬರ್ತಿರಲಿಲ್ಲ.” ಕಮಠಾಣದ ಬಸ್ಸು ಬಂತು. ಅತ್ತೆ ನನ್ನ ಪಟ್ಟಿ ಕಟ್ಟದ ಕೈ ಹಿಡಿದು ಹತ್ತಿಸಿದರು.

ಗಂಡನ ಮೌಶಿ, ಅಂದರೆ ಅತ್ತೆಯ ಆ ತಂಗಿ, ಪಡಸಾಲೆಯಲ್ಲಿ ಕೂತು ಹಳೆ ಸೀರೆಗಳ ಕೌದಿ ಹೊಲಿಯುತ್ತಿದ್ದಳು. ನರೆತ ಕೂದಲು, ಎಂದೂ ತೃಪ್ತಿಯಾಗಿ ನಿದ್ದೆ ಮಾಡದ ಕೆಂಪು ಕಣ್ಣು. ಕನ್ನಡಿಯಲ್ಲಿ ನಾನು ದಿನವೂ ನೋಡುತ್ತಿದ್ದ ಕಣ್ಣು. ಅತ್ತೆ ನೀರನ್ನೂ ಕುಡಿಯದೆ ಆಕೆಯ ಮುಂದೆ ಕೂತು, ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಿ, “ನಿಂದೇನೂ ಕಸೂರ ಇಲ್ಲ, ಶಾಂತಾ” ಎಂದರು.

ಸೂಜಿ ನಿಂತಿತು. “ಇನ್ನೊಮ್ಮಿ ಹೇಳಕ್ಕಾ.”

“ನಿಂದು ಕಸೂರ ಇಲ್ಲ.”

ಮೌಶಿ ಕೌದಿಯನ್ನು ಸವರಿದಳು. “ಅಪ್ಪಗ ಈಗ ಯಾರು ಹೇಳ್ತಾರ?” ಎಂದಳು. ನಕ್ಕಳೋ ಅತ್ತಳೋ ತಿಳಿಯದಂತೆ ಮುಖ ಮುದುಡಿತು.

“ನಾನೂ ಅವತ್ತು ಅಪ್ಪನ ಕಡೀನೇ ಮಾತಾಡಿದ್ದೆ.”

“ಗೊತ್ತದ,” ಎಂದಳು ಮೌಶಿ. ಸರಿದು ಕೂತು, ಅಕ್ಕನಿಗೂ ಕೌದಿಯ ಮೇಲೆ ಜಾಗ ಮಾಡಿಕೊಟ್ಟಳು.

ಔರಾದಿಗೆ ಮರಳಿದ ಮೇಲೆ ಅತ್ತೆ ಮುಂಜಾನೆಯ ರೊಟ್ಟಿಯನ್ನು ತಾವೇ ಇಟ್ಟುಕೊಂಡು ಸಂಜೆಯದನ್ನು ನನಗೆ ಬಿಟ್ಟದ್ದು, ಆಡಿಕೊಳ್ಳುವವರಿಗೆ “ನಮ್ಮ ಸೊಸಿ ಗಡಿಯಾರ ಬ್ಯಾರೆ ಅದ” ಎಂದು ಬಾಯಿ ಮುಚ್ಚಿಸಿದ್ದು, ನಾನು ಸಂಜೆಯ ಟ್ಯೂಷನ್ ಹಿಡಿದದ್ದು, ಅಂಗಡಿಯ ಜೊತೆ ನಾವು ಬೀದರಿಗೆ ಬಂದದ್ದು ಎಲ್ಲ ಆಮೇಲಿನ ಮಾತು. ಅತ್ತೆ ಈಗಿಲ್ಲ, ಮೌಶಿಯೂ ಇಲ್ಲ. ಅವರನ್ನು ನೆನೆದಾಗ ನನ್ನ ಕಣ್ಣಮುಂದೆ ಬರುವುದು, ರಾತ್ರಿ ಅಲ್ಲೇ ಉಳಿದು ನೋಡಿದ ಕಮಠಾಣದ ಆ ಮರುದಿನದ ಬೆಳಗು.

ನಾನು ಕಣ್ಣುಬಿಟ್ಟಾಗ ಬಿಸಿಲು ಪಡಸಾಲೆಯ ಅರ್ಧದವರೆಗೆ ಬಂದಿತ್ತು. ಪಕ್ಕದಲ್ಲಿ ಮೌಶಿ ಮಗುವಿನಂತೆ ಬಾಯಿ ತೆರೆದು ಗಾಢವಾಗಿ ಮಲಗಿದ್ದಳು. ಹೊಸ್ತಿಲಲ್ಲಿ ಅತ್ತೆ ನಮಗೆ ಬೆನ್ನು ಮಾಡಿ, ಕಾವಲಿಗೆ ಕೂತವರಂತೆ ಕೂತಿದ್ದರು. ಹೊಲಕ್ಕೆ ಹೋಗಿ ಬಂದ ಅವರ ಅಣ್ಣ ಚಪ್ಪಲಿ ಸದ್ದು ಮಾಡುತ್ತಾ ಅಂಗಳಕ್ಕೆ ಬಂದು, “ಹೊತ್ತು ಎಲ್ಲಿಗಿ ಬಂತು! ಇನ್ನಾ ಎದ್ದಿಲ್ಲೇನು ಶಾಂತಾ?” ಎಂದು ಗದರಿದ.

ಅತ್ತೆ ಏಳಲಿಲ್ಲ, ದನಿಯನ್ನೂ ಏರಿಸಲಿಲ್ಲ. “ಅಣ್ಣಾ, ಸಾವಕಾಶ. ಈ ಮನ್ಯಾಗ ಆಕಿ ಹೆದರಿಕಿ ಇಲ್ಲದೆ ಮಲಗಿದ್ದು ಇವತ್ತೇ ಮೊದಲು.”

ಆ ಮುದುಕ ಒಂದು ಗಳಿಗೆ ನಿಂತ. ಒಳಗೆ ಇಣುಕಿ ತಂಗಿಯ ಮುಖ ನೋಡಿದ. ಆಮೇಲೆ ಬಗ್ಗಿ, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು, ಬರಿಗಾಲಿನಲ್ಲಿ ಅಂಗಳ ದಾಟಿ ಹಿತ್ತಲಿಗೆ ಹೋದ.