ನಾಲ್ಕು ಪುಟದ ಚೀಟಿ

ಬೆಳಗಿನ ಐದೂವರೆ. ಕೊಟ್ಟಿಗೆಯಲ್ಲಿ ಮೂವತ್ತೆಂಟು ಹಸುಗಳು ಒಂದೊಂದಾಗಿ ಏಳುತ್ತಿವೆ. ತೂಲಿಕ್ಕಿ ಪಿರ್ಹೊನೆನ್ ರಬ್ಬರ್ ಬೂಟು ಮೆಟ್ಟಿ, ತಲೆಗೆ ವಸ್ತ್ರ ಕಟ್ಟಿ, ಬಿಸಿನೀರಿನ ಬಕೆಟ್ ಹಿಡಿದು ಸಾಲಿನ ಮೊದಲ ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಾರೆ. ಕೆಚ್ಚಲು ಒರೆಸುತ್ತಾರೆ, ಹಾಲು ಕರೆಯುವ ಯಂತ್ರ ಹಚ್ಚುತ್ತಾರೆ, ಮುಂದಕ್ಕೆ ಸರಿಯುತ್ತಾರೆ.

"ನೆಟ್ಟಗೆ ನಿಂತ್ಕೋ ಹೆಲುನಾ. ಒದ್ರೆ ನಾನೂ ಒದೀತೀನಿ."

ಹೆಲುನಾ ಒದೆಯುತ್ತದೆ. ತೂಲಿಕ್ಕಿ ಒದೆಯುವುದಿಲ್ಲ.

ಈ ಹಸುಗಳು ಅವರವಲ್ಲ. ಫಿನ್ಲೆಂಡಿನಲ್ಲಿ ಹೈನುಗಾರರಿಗೂ ವರ್ಷಕ್ಕಿಷ್ಟು ದಿನ ಅಂತ ರಜೆಯಿದೆ. ನಮ್ಮ ಸಾವೋ ಸೀಮೆಯಲ್ಲಿ ಅವರು ರಜೆಗೆ ಹೋದಾಗ ಕೊಟ್ಟಿಗೆಗೆ ಬರುವ ಬದಲಿಯವರಲ್ಲಿ ತೂಲಿಕ್ಕಿ ಒಬ್ಬರು. ವಯಸ್ಸು ಐವತ್ತೊಂಬತ್ತು, ಈ ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷ. ಒಂಬತ್ತು ಕೊಟ್ಟಿಗೆಗಳು ಅವರ ಪಾಲಿಗೆ. ಎರಡೂ ಮೊಣಕಾಲು ಸವೆದಿವೆ. ಊರಿನವರಿಗೆ ಅವರ ಮುಖಕ್ಕಿಂತ ಅವರ ಹಳೆಯ ನೀಲಿ ಕಾರಿನ ಗೊರಗೊರ ಸದ್ದೇ ಹೆಚ್ಚು ಪರಿಚಯ.

ರಜೆಗೆ ಹೋಗುವವರು ಬದಲಿಯವರಿಗೆಂದು ಬಾಗಿಲಿಗೆ ಚೀಟಿ ಅಂಟಿಸುವುದು ವಾಡಿಕೆ. ಎರಡು ಸಾಲು ಬರೆದರೆ ಹೆಚ್ಚು. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ನಮ್ಮವರಷ್ಟು ನಂಬಿದವರು ಬೇರೆ ಯಾರೂ ಇರಲಾರರು. ಒಬ್ಬರ ಒಳಗಿನದನ್ನು ಇನ್ನೊಬ್ಬರು ಕೇಳದಿರುವುದೇ ಇಲ್ಲಿ ಮರ್ಯಾದೆ. ಆ ಮರ್ಯಾದೆಯ ಮೇಲೆ ನನಗೆ ಈಚೆಗೆ ಸಿಟ್ಟು ಬರುತ್ತದೆ.

ಹದಿನಾಲ್ಕು ವರ್ಷದ ಹಿಂದೆ ತೌನೊ ಎಂಬ ರೈತರು ಚೀಟಿಯ ಬದಲು ನಾಲ್ಕು ಪುಟ ಬರೆದಿಟ್ಟಿದ್ದರು. ಯಾವ ಹಸುವಿನ ಗುಣ ಏನು, ಯಾವುದು ಯಾವಾಗ ಕರು ಹಾಕುತ್ತದೆ, ನಾಯಿಯನ್ನು ಯಾರ ಮನೆಗೆ ಬಿಡಬೇಕು, ಎಲ್ಲವೂ ದುಂಡು ಅಕ್ಷರದಲ್ಲಿ. ರಜೆ ಇದ್ದದ್ದು ಮೂರೇ ದಿನ.

"ನಂಗೆ ಖುಷಿಯಾಗ್ಬಿಡ್ತು ಕಣಮ್ಮ," ಎಂದು ತೂಲಿಕ್ಕಿ ನನಗೆ ಹೇಳುತ್ತಾರೆ. "ಅಂಗಳದಲ್ಲಿ ಬ್ಯಾಗ್ ಹಿಡ್ಕೊಂಡು ನಿಂತಿದ್ದ. 'ಮೇಷ್ಟ್ರಾಗ್ಬೇಕಿತ್ತು ನೀನು, ಪ್ರತಿ ಸಲ ಹೀಗೇ ಬರಿ' ಅಂದೆ. ನಕ್ಕ. ಕೈ ಕುಲುಕ್ದ. ಯಾವತ್ತೂ ಕುಲುಕ್ದೋನಲ್ಲ. ನಾನು ಹಾಲು ಕರೆಯೋಕೆ ಒಳಗೆ ಹೋದೆ."

ತೌನೊ ಹಿಂದಿರುಗಲಿಲ್ಲ. ಅವರು ತಾವಾಗಿಯೇ ಪ್ರಾಣ ಕಳೆದುಕೊಂಡರೆಂಬ ಸುದ್ದಿ ಬಂದಾಗ ತೂಲಿಕ್ಕಿ ತೌನೊ ಅವರ ಹಸುಗಳಿಗೇ ಹುಲ್ಲು ಹಾಕುತ್ತಿದ್ದರು. ತಪ್ಪು ನಿನ್ನದಲ್ಲ ಎಂದು ಪಾದ್ರಿ ಹೇಳಿದ್ದಾರೆ, ತೌನೊ ಅವರ ತಂಗಿಯೂ ಹೇಳಿದ್ದಾರೆ. ಅದು ನಿಜವೇ. ತೂಲಿಕ್ಕಿ ತಲೆಯಾಡಿಸುತ್ತಾರೆ, ಆದರೆ ಒಪ್ಪಿದಂತೆ ಕಾಣುವುದಿಲ್ಲ.

ಮುಂದಿನ ಚಳಿಗಾಲದಲ್ಲಿ ಅವರು ಸಂಕಟದಲ್ಲಿರುವ ರೈತರಿಗೆ ಆಸರೆಯಾಗುವುದು ಹೇಗೆಂಬ ತರಬೇತಿಗೆ ಸೇರಿದರು. ಕಲಿತದ್ದು ಒಂದೇ, ಸುತ್ತಿ ಬಳಸದೆ ಕೇಳುವುದು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹತ್ತೀತು ಎನ್ನುವುದು ಬರೀ ಭಯ ಎಂದು ಅಲ್ಲಿ ತಿಳಿಯಿತು. ಈವರೆಗೆ ಹತ್ತೊಂಬತ್ತು ಜನರನ್ನು ಕೇಳಿದ್ದಾರೆ. ಹದಿಮೂರು ಮಂದಿ ಬೈದಿದ್ದಾರೆ. ಆರು ಮಂದಿ ಕೂತು ಮಾತಾಡಿದ್ದಾರೆ.

ಆರನೆಯವರು ಈ ಕೊಟ್ಟಿಗೆಯ ಯಜಮಾನ. ತಮ್ಮ ಕಥೆಯನ್ನು ನಾನು ಪತ್ರಿಕೆಗೆ ಬರೆಯಲು ಒಪ್ಪಿದ್ದಾರೆ, ಹೆಸರು ಮಾತ್ರ ಬೇಡ ಎಂದಿದ್ದಾರೆ. ಕಾಲೆವಿ ಎಂದಿಟ್ಟುಕೊಳ್ಳಿ. ಮೂರು ತಿಂಗಳ ಹಿಂದೆ ತೂಲಿಕ್ಕಿ ಇಲ್ಲಿಗೆ ಬಂದಾಗ ಬಾಗಿಲ ಮೇಲೆ ಮೂರು ಪುಟ ಇತ್ತು. ಅಂಗಳದಲ್ಲಿ ಕಾಲೆವಿಯ ಕಾರು ಹೊರಟು ನಿಂತಿತ್ತು. ಕೆಚ್ಚಲು ಒರೆಸುವ ಬಟ್ಟೆ ಕೈಯಲ್ಲಿದ್ದ ಹಾಗೇ ಇವರು ಓಡಿದರು.

"'ಸಾಯೋ ಯೋಚನೆ ಇದೆಯಾ ಕಾಲೆವಿ?' ಅಂತ ಕೇಳ್ದೆ. 'ಹಾಲು ಕರೆಯೋಕೆ ಬಂದೋಳು ಕರೆದು ಹೋಗು' ಅಂದ. 'ಕರೀತೀನಿ, ಹಸು ಕಾಯ್ತವೆ. ಮೊದ್ಲು ನೀನು ಹೇಳು' ಅಂದೆ. ಅವನು ಇಂಜಿನ್ ಆಫ್ ಮಾಡ್ದ."

ಇಬ್ಬರೂ ಸೇರಿ ಹಾಲು ಕರೆದರು. ಹೆಲುನಾಳ ಹತ್ತಿರ ಬಂದಾಗ ಕಾಲೆವಿ ಅತ್ತರು. ತೂಲಿಕ್ಕಿ ಫೋನ್ ಮಾಡಿ ಕರೆಸಿದ ಸಹಾಯ ಕೇಂದ್ರದ ನರ್ಸ್ ಒಂಬತ್ತಕ್ಕೆ ಬಂದರು, ಅಲ್ಲಿಯವರೆಗೆ ತೂಲಿಕ್ಕಿ ಕಾಲೆವಿಯ ಪಕ್ಕ ಬಿಟ್ಟು ಕದಲಲಿಲ್ಲ. ಈಗ ಕಾಲೆವಿ ವಾರಕ್ಕೊಮ್ಮೆ ಡಾಕ್ಟರರನ್ನು ನೋಡುತ್ತಾರೆ, ರಾತ್ರಿ ಅಷ್ಟಿಷ್ಟು ನಿದ್ದೆ ಬರುತ್ತಿದೆಯಂತೆ. ನಿನ್ನೆ ಅಕ್ಕನ ಮನೆಗೆ ಹೋಗಿದ್ದಾರೆ.

ಹಾಲು ಕರೆದು ಮುಗಿಯುವಾಗ ಏಳು ದಾಟಿದೆ. ಬಾಗಿಲ ಮೇಲಿನ ಇವತ್ತಿನ ಚೀಟಿಯನ್ನು ತೂಲಿಕ್ಕಿ ನನಗೆ ತೋರಿಸುತ್ತಾರೆ: "ಹೆಲುನಾ ಒದೀತಾಳೆ. ಕಾಫಿ ಮುಗಿದಿದೆ. ಭಾನುವಾರ ಬರ್ತೀನಿ."

"ನೋಡು, ಒಂದು ಲೋಟ ಕಾಫಿನೂ ಇಟ್ಟಿಲ್ಲ, ಜುಗ್ಗ ನನ್ಮಗ," ಎನ್ನುತ್ತಾ ಅದನ್ನು ಮತ್ತೊಮ್ಮೆ ಓದುತ್ತಾರೆ. ಕಣ್ಣು ಒದ್ದೆಯಾಗಿದೆ.

ನಾನು ಕ್ಯಾಮೆರಾ ತೆಗೆದರೆ ಕೈ ಅಡ್ಡ ಹಿಡಿಯುತ್ತಾರೆ. "ನನ್ನ ಮುಖ ಹಾಕ್ಬೇಡ. ಕೇಳೋದ್ರಿಂದ ಯಾರೂ ಸಾಯಲ್ಲ, ಅದನ್ನ ಹಾಕು."

ಬಕೆಟ್ ಎತ್ತಿಕೊಂಡು ಎರಡು ಹೆಜ್ಜೆ ಹೋಗಿ ನಿಲ್ಲುತ್ತಾರೆ.

"ತೌನೊ ಬರೆದ ನಾಲ್ಕೂ ಪುಟ ಓದಿದ್ದೆ ಕಣಮ್ಮ. ಅವನನ್ನ ಒಂದ್ಮಾತು ಕೇಳ್ಲಿಲ್ಲ."