ಹೊಳೆದಂಡೆಯ ಚಪ್ಪಾಳೆ

ಆಗ ನಮ್ಮ ಕಡೆ ಶ್ರಾವಣ ಬಂತೆಂದರೆ ಹಸಿ ಎರೆಮಣ್ಣಿನ ವಾಸನೆಯೊಳಗೆ ಹೆಸರುಕಾಯಿಯ ವಾಸನೆಯೂ ಬೆರೆತಿರುತ್ತಿತ್ತು. ಕಟಕೋಳದ ಹತ್ತಿರದ ನಮ್ಮ ಊರಿನಲ್ಲಿ ಹೊಲಕ್ಕೆ ಹೋದ ಹೆಂಗಸರು ಸಂಜೆ ಉಡಿ ತುಂಬ ಹೆಸರುಕಾಯಿ ತರುತ್ತಿದ್ದರು. ನಾವು ಅದನ್ನು ಹಸಿಯಾಗಿಯೇ ಸುಲಿದು ತಿಂದು, ಸಿಪ್ಪೆಯನ್ನು ದನಗಳ ಕಲ್ಲುಬಾನಿಯಲ್ಲಿ ತೇಲಿಬಿಡುತ್ತಿದ್ದೆವು. ಆ ವರ್ಷ ಅದೇ ಬಾನಿಯಲ್ಲಿ ನಮಗೊಂದು ಹೊಸ ಆಟ ಹುಟ್ಟಿತ್ತು. ಗೋವಿನಜೋಳದ ತೆನೆಗೆ ಬಿಳಿ ಅರಿವೆ ಸುತ್ತಿ ಗೊಂಬೆ ಮಾಡಿ, ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡುವುದು.

"ನಿನ್ನ ಗೊಂಬಿ ಪಾಪ ಇನ್ನೂ ಹೋಗಿಲ್ಲಲೇ, ಇನ್ನೊಮ್ಮಿ ಮುಳುಗ್ಸು" ಎಂದು ಓಣಿಯ ಗೆಳತಿ ಶಾಂತಿ ಹೇಳಿದರೆ ನಾನು ಮತ್ತೆ ಮುಳುಗಿಸುತ್ತಿದ್ದೆ.

ಆಟ ಬಂದದ್ದು ಹೊಸ ಪಾಸ್ಟರರಿಂದ. ಊರಲ್ಲಿ ನಮ್ಮ ಕ್ರೈಸ್ತರ ಮನೆಗಳು ಕೆಲವೇ. ಹಂಚಿನ ಚಿಕ್ಕ ದೇವಾಲಯವಿತ್ತು. ಅಲ್ಲಿದ್ದ ಮುದಿ ಉಪದೇಶಕರು ಹುಟ್ಟಿದ ಮಕ್ಕಳ ಹಣೆಗೆ ನೀರು ಚಿಮುಕಿಸಿ ದೀಕ್ಷೆ ಕೊಡುತ್ತಿದ್ದರು. ಅಪ್ಪನಿಗೂ, ಅಪ್ಪನ ತಂಗಿ ಮಾರ್ಥಾ ಅತ್ತೆಗೂ, ನನಗೂ ಅವರ ಕೈಯಿಂದಲೇ ಆಗಿತ್ತು. ಅವರು ತೀರಿಕೊಂಡ ಮೇಲೆ ಬಾಗಿಲಿಗೆ ಬೀಗ ಬಿತ್ತು. ರಾಮದುರ್ಗದಲ್ಲಿ ಹಾಲ್ ಬಾಡಿಗೆಗೆ ಹಿಡಿದು ಸಭೆ ನಡೆಸುತ್ತಿದ್ದ ಪಾಸ್ಟರರೊಬ್ಬರು ನಮ್ಮನ್ನೆಲ್ಲ ಸೇರಿಸಿಕೊಂಡರು. ಅಲ್ಲಿ ಮೈಕಿತ್ತು, ಡೋಲಕವಿತ್ತು, ಪ್ರತಿ ಹಾಡಿಗೂ ಚಪ್ಪಾಳೆಯಿತ್ತು. ಆಯಿಗೆ, ಅಂದರೆ ನನ್ನ ಅಜ್ಜಿಗೆ, ಅದು ಬಹಳ ಹಿಡಿಸಿತು. ಆದರೆ ಪಾಸ್ಟರರದು ಒಂದು ಕಟ್ಟಳೆ. ಹಣೆಗೆ ಚಿಮುಕಿಸಿದ ನೀರು ದೀಕ್ಷೆಯೇ ಅಲ್ಲ, ದೊಡ್ಡವರೆಲ್ಲ ಹೊಳೆಯಲ್ಲಿ ಪೂರ್ತಿ ಮುಳುಗಬೇಕು, ಮುಳುಗದವರಿಗೆ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸವೂ ಇಲ್ಲ, ಮದುವೆಯೂ ಇಲ್ಲ. ಬೇಸಿಗೆಯಲ್ಲಿ ಮಲಪ್ರಭೆ ಸೊಂಟದಷ್ಟಿದ್ದಾಗ ಅಪ್ಪ, ಅವ್ವ, ಆಯಿ ಎಲ್ಲರೂ ಮುಳುಗಿ ಎದ್ದು ಬಂದರು. ಮಾರ್ಥಾ ಅತ್ತೆ ಒಬ್ಬಳೇ ಒಲ್ಲೆನೆಂದಳು.

ಅತ್ತೆಗೆ ದೇವರೊಂದಿಗೆ ತನ್ನದೇ ಲೆಕ್ಕವಿತ್ತು. ನಸುಕಿನಲ್ಲಿ ರೊಟ್ಟಿ ಬಡಿಯುತ್ತ ಆ ತಾಳಕ್ಕೇ ಹಾಡುತ್ತಿದ್ದಳು. ನಡುವೆ ಹಾಡು ನಿಲ್ಲಿಸಿ, ಎದುರಿಗೆ ಕುಂತವರೊಡನೆ ಆಡಿದಂತೆ ಮಾತಾಡುತ್ತಿದ್ದಳು: "ಯೇಸಪ್ಪಾ, ಒಲಿ ಹೊಗಿ ಹಿಡದೈತಿ ನೋಡು. ಕಣ್ಣಾಗ ನೀರ ಬರಾಕತ್ತಾವು, ನಿನ್ನ ಮ್ಯಾಲ ಸಿಟ್ಟಂತ ತಿಳಕೋಬ್ಯಾಡ." ನಾನು ಹಾಸಿಗೆಯಲ್ಲೇ ನಗುತ್ತಿದ್ದೆ. ಒಲೆಯ ಪಕ್ಕ ಒಬ್ಬ ಕುಂತಿದ್ದಾನೆಂದೇ ನಂಬಿದ್ದೆ.

ಆ ಶ್ರಾವಣದಲ್ಲಿ ಯರಗಟ್ಟಿಯ ವರ ಗೊತ್ತಾಯಿತು. ಸೈಕಲ್ ಅಂಗಡಿಯ ಹುಡುಗ, ಅದೇ ಸಭೆಯವನು. ಅತ್ತೆಗೂ ಮನಸ್ಸಿತ್ತು. ಅವನು ಬಂದು ಹೋದ ದಿನ ಅವಳು ಹಾಡಿದ್ದು ಓಣಿಗೆಲ್ಲ ಕೇಳಿತ್ತು. ಆದರೆ ಮುಳುಗದಿದ್ದರೆ ಮದುವೆ ಮಾಡಿಸುವುದಿಲ್ಲವೆಂದು ಪಾಸ್ಟರರು ಹೇಳಿ ಕಳಿಸಿದರು.

"ಎರಡನೇ ಸಲ ತೊಳದ್ರ ಸೀರಿ ಬಣ್ಣ ಹೋಗತೈತಿ ಅವ್ವಾ, ಪಾಪ ಅಲ್ಲ" ಎಂದಳು ಅತ್ತೆ.

"ಬಾಯಿ ಬಾಳ ಆಗೇತಿ ನಿಂದು" ಎಂದಳು ಆಯಿ. "ನಾವೆಲ್ಲ ಮುಳುಗಿಲ್ಲೇನು? ಏನ ಕರಗಿ ಹೋದಿವೇನು?"

"ನೀ ಕರಗೂ ಪೈಕಿ ಅಲ್ಲ ಬಿಡು. ನಾ ಯೇಸಪ್ಪನ ಕೈ ಒಮ್ಮಿ ಹಿಡದೇನಿ. ಅದು ಸುಳ್ಳಂತ ಹ್ಯಾಂಗ ಹೇಳ್ಲಿ?"

"ಹೇಳಬ್ಯಾಡ. ಸುಮ್ನ ಮುಳುಗಿ ಏಳು. ಮದಿವಿ ಆಗಲಿ, ಆಮ್ಯಾಲ ಏನರ ಮಾಡ್ಕೋ."

ಆಯಿಗೆ ಮಗಳು ಮನೆಯಲ್ಲೇ ಉಳಿದುಬಿಟ್ಟಾಳೆಂಬ ಭಯ. ಕಡೆಗೆ ಅತ್ತೆ ಒಪ್ಪಿದಳು.

ಆ ದಿನ ಟೆಂಪೋದಲ್ಲಿ ಹೊಳೆಗೆ ಹೋದೆವು. ಬುಟ್ಟಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಹೆಸರುಕಾಳಿನ ಪಲ್ಯ ಇತ್ತು. ಸವದತ್ತಿಯ ಡ್ಯಾಮಿನಿಂದ ನೀರು ಬಿಟ್ಟಿದ್ದರು. ಹೊಳೆ ಕೆಂಪಗೆ ಅಗಲವಾಗಿತ್ತು. ಮುಳುಗುವವರು ಮೈಮೇಲೆ ಒಡವೆ, ಬಳೆ ಇಟ್ಟುಕೊಳ್ಳಬಾರದೆಂದು ಪಾಸ್ಟರರ ಕಟ್ಟಳೆ. ಅತ್ತೆ ಹಸಿರು ಬಳೆಗಳನ್ನು ಒಂದೊಂದಾಗಿ ತೆಗೆದು ನನ್ನ ಲಂಗದ ಮಡಿಲಿಗೆ ಹಾಕಿದಳು.

"ಒಡೀಬ್ಯಾಡವಾ, ಬಂದ ಹಾಕ್ಕೊತೇನಿ" ಎಂದಳು.

ದಂಡೆಯ ಹತ್ತಿರವೇ ಎದೆಮಟ್ಟದ ನೀರು. ಪಾಸ್ಟರರು ಅವಳ ತಲೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಕೇಳಿದರು: "ಹಳೇ ದೀಕ್ಷೆ ಸುಳ್ಳು ಅಂತ ಒಪ್ಪಿಕೊಳ್ತೀಯಾ?"

"ಯೇಸಪ್ಪನ್ನ ನಂಬೇನ್ರಿ" ಎಂದಳು ಅತ್ತೆ.

"ಕೇಳಿದ್ದಕ್ಕೆ ಉತ್ತರ ಕೊಡು."

"ಅಷ್ಟ ರೀ ನನ್ನ ಉತ್ತರ."

ಮುಳುಗಿಸಿದರು. ಎದ್ದಳು. ಮತ್ತೆ ಅದೇ ಪ್ರಶ್ನೆ. ಅತ್ತೆ ಕೆಮ್ಮುತ್ತ ಇಲ್ಲವೆಂದು ತಲೆಯಾಡಿಸಿದಳು. ಪಾಸ್ಟರರು ದಂಡೆಯತ್ತ ತಿರುಗಿ, "ಇವಳೊಳಗೆ ಹಠದ ಆತ್ಮ ಕುಂತಿದೆ, ಹಾಡ್ರಿ" ಎಂದು ಕೂಗಿ ಎರಡೂ ಕೈಯಿಂದ ಒತ್ತಿದರು.

ದಂಡೆಯವರು ಹಾಡಿದರು. ಅಪ್ಪ ಡೋಲಕ ಬಾರಿಸುತ್ತಿದ್ದ. ನೀರು ಕದಡತೊಡಗಿತು. ಒಂದು ಕೈ ಮೇಲೆ ಬಂತು, ಬಳೆಯಿಲ್ಲದ ಕೈ, ಬೆರಳು ಗಾಳಿಯನ್ನು ಹಿಡಿಯಲು ನೋಡಿದವು. ಸಭೆಯಲ್ಲಿ ಯಾರಾದರೂ ಒದ್ದಾಡಿದರೆ ದೆವ್ವ ಬಿಟ್ಟು ಹೋಗುತ್ತಿದೆಯೆಂದು ನಮಗೆಲ್ಲ ಕಲಿಸಿದ್ದರು. ಅದಕ್ಕೇ ಅವಳು ಹೆಚ್ಚು ಒದ್ದಾಡಿದಷ್ಟೂ ಇವರು ಹೆಚ್ಚು ಜೋರಾಗಿ ಚಪ್ಪಾಳೆ ತಟ್ಟಿದರು. ಆಯಿಯೂ ಕಣ್ಣು ಮುಚ್ಚಿ ತಟ್ಟುತ್ತಿದ್ದಳು. ನಾನು ಅವಳ ಸೆರಗು ಜಗ್ಗಿದೆ. "ಆಯೀ, ಅತ್ತಿ ಮ್ಯಾಲ ಬರವಲ್ಲಳು" ಎಂದೆ. ನನ್ನ ದನಿ ನನಗೇ ಕೇಳಲಿಲ್ಲ. ಮತ್ತೆ ಜಗ್ಗಿದೆ.

ಆಯಿ ಕಣ್ಣು ತೆರೆದಳು. ಆ ಕೈ ನಿಧಾನವಾಗಿ ಕೆಳಗಿಳಿಯುತ್ತಿತ್ತು. ಅಷ್ಟು ಚಪ್ಪಾಳೆಗಳ ನಡುವೆ ಒಂದು ಜೋಡಿ ಕೈ ನಿಂತಿತು.

ಆಯಿ ನೀರಿಗೆ ಇಳಿದಳು. ಪಾಸ್ಟರರ ಎದೆಗೆ ಕೈ ಕೊಟ್ಟು ನೂಕಿದಳು, ಮಗಳ ಕೂದಲು ಹಿಡಿದು ಎಳೆದಳು. ಆಗ ಅಪ್ಪನೂ ಡೋಲಕ ಬಿಟ್ಟು ಓಡಿದ. ಅತ್ತೆಯನ್ನು ಕೆಸರಿನಲ್ಲಿ ಬೋರಲು ಮಲಗಿಸಿ ಬೆನ್ನು ಗುದ್ದಿದರು. ತುಟಿ ನೀಲಿಯಾಗಿದ್ದವು. ಹೊಳೆಯ ಕೆಂಪು ನೀರು ಬಾಯಿಂದ ಬಂತು, ಆಮೇಲೆ ಉಸಿರು ಬಂತು.

"ನೋಡ್ರಿ, ದೆವ್ವ ಬಿಟ್ಟು ಹೋತು. ಸ್ತೋತ್ರ ಹೇಳ್ರಿ" ಎಂದರು ಪಾಸ್ಟರರು.

"ದೆವ್ವ ಅಲ್ರಿ" ಎಂದಳು ಆಯಿ. "ನನ್ನ ಮಗಳು ಹೋಗಾಕಿ ಇದ್ಲು."

ಯಾರೂ ಬುತ್ತಿ ಬಿಚ್ಚಲಿಲ್ಲ. ಟೆಂಪೋದಲ್ಲಿ ಶೇಂಗಾ ಚಟ್ನಿಯ ವಾಸನೆ ಮನೆಯವರೆಗೂ ಬಂತು. ಬಳೆಗಳನ್ನು ಅತ್ತೆ ಮತ್ತೆ ಕೇಳಲಿಲ್ಲ. ದೀಕ್ಷೆ ಪೂರ್ತಿಯಾಗಿಲ್ಲವೆಂದು ಯರಗಟ್ಟಿಯವರು ಹಿಂದೆ ಸರಿದರು. ಅವಳು ಮದುವೆಯಾಗದೆಯೇ ಉಳಿದಳು. ನಮ್ಮ ಮನೆಯವರು ಯಾರೂ ಆ ಸಭೆಗೆ ಮತ್ತೆ ಹೋಗಲಿಲ್ಲ. ನಾನು ಬಾನಿಯ ಕಡೆಗೂ ಹೋಗಲಿಲ್ಲ.

ಈಗ ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಸಮಾರಂಭದಲ್ಲಿ ಚಪ್ಪಾಳೆ ಎದ್ದಾಗ ನನಗೆ ಗೊತ್ತಿಲ್ಲದೆಯೇ ಉಸಿರು ಹಿಡಿದಿರುತ್ತೇನೆ. ಆಯಿ ಇನ್ನೊಂದು ಹಾಡಿನವರೆಗೆ ಕಣ್ಣು ಮುಚ್ಚಿಕೊಂಡಿದ್ದರೆ? ಅಲ್ಲಿಂದ ಮುಂದಕ್ಕೆ ಯೋಚನೆ ಹೋಗುವುದಿಲ್ಲ, ಮತ್ತೆ ಹೊಳೆಯ ದಂಡೆಗೇ ಬಂದು ನಿಲ್ಲುತ್ತದೆ.

ಹೋದ ತಿಂಗಳು ನನ್ನ ಮಗಳಿಗೆ ಇಲ್ಲಿಯ ದೇವಾಲಯದಲ್ಲಿ ದೀಕ್ಷೆಯಾಯಿತು, ಹಣೆಗೆ ಚಿಮುಕಿಸುವುದು ಅಷ್ಟೇ. ಅತ್ತೆ ಬಂದಿದ್ದಳು. ಒಳಗೆ ಬರಲಿಲ್ಲ, ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಕುಂತಿದ್ದಳು. ನಾನು ಕೂಸನ್ನು ಎತ್ತಿಕೊಂಡು ಹೊರಗೆ ಬಂದಾಗ ಒಂದೇ ಮಾತು ಕೇಳಿದಳು.

"ನೀರ ಬಿದ್ದಕೂಡ್ಲೆ ಅತ್ತತೇನು?"

"ಹೂಂ ಅತ್ತಿ, ಜೋರಾಗಿ ಅತ್ತತು."

"ಹಂಗಾರ ಚಲೋ ಆತು" ಎಂದು ಕೂಸಿನ ಎದೆಯ ಮೇಲೆ ಅಂಗೈಯಿಟ್ಟು, ಅದು ಏರಿಳಿಯುವುದನ್ನು ನೋಡುತ್ತ ಕುಂತಳು.

ಮರುದಿನ ನಸುಕಿನಲ್ಲಿ ನನ್ನ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬಂತು. ಹಾಸಿಗೆಯಲ್ಲೇ ಕಿವಿಗೊಟ್ಟು ಕಾದೆ, ಹಾಡು ಬರಲಿಲ್ಲ. ಎದ್ದು ಬಾಗಿಲಿಗೆ ಹೋಗಿ ನೋಡಿದೆ. ಅವಳ ತುಟಿಗಳು ಆಡುತ್ತಿದ್ದವು, ದನಿ ಇರಲಿಲ್ಲ. ಅವಳ ಯೇಸಪ್ಪ ಇನ್ನೂ ಅಲ್ಲೇ ಎಲ್ಲೋ ಕುಂತಿದ್ದಾನೆ, ಅವಳು ಇನ್ನೂ ಅವನೊಂದಿಗೆ ಮಾತಾಡುತ್ತಾಳೆ. ಆದರೆ ಪಕ್ಕದ ಕೋಣೆಯ ಮಗುವಿಗೆ ಅದು ಕೇಳಿಸುವುದಿಲ್ಲ.